ಓದುಗರ ಪ್ರಶ್ನೆ, ವೈದ್ಯರ ಉತ್ತರ: ಟೈಫಾಯಿಡ್‌ನಲ್ಲಿ ಮಗುವಿನ ಕರುಳು ತೂತಾದರೆ

ಮಕ್ಕಳ ಜ್ವರಗಳನ್ನು ಕುರಿತ ಕಳೆದ ಬಾರಿಯ ಅಂಕಣದಲ್ಲಿ, ಟೈಫಾಯಿಡ್ ಅಥವಾ ವಿಷಮಶೀತ ಜ್ವರಕ್ಕೆ ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು ಎಂಬ ಒಂದು ಸಾಲು ಬಂದಿತ್ತು. ಆ ಸಾಲಿಗೆ ಪ್ರತಿಯಾಗಿ ಬಂದ ಪತ್ರಗಳೇ ಈ ಬಾರಿಯ ಅಂಕಣವನ್ನು ತುಂಬಿವೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಬಿಟ್ಟು ಕೊಡಲಾಗಿದೆ. ಉತ್ತರಿಸಿದವರು ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು.

ಪ್ರಶ್ನೆ: ನಮ್ಮ ಒಂಬತ್ತು ವರ್ಷದ ಮಗನಿಗೆ ಎರಡು ವಾರಕ್ಕೂ ಮಿಕ್ಕಿ ಜ್ವರವಿತ್ತು. ಊರಿನ ಕ್ಲಿನಿಕ್ಕಿನಲ್ಲಿ ಟೈಫಾಯಿಡ್ ಎಂದು ಹೇಳಿ ಗ್ಲೂಕೋಸ್ ಏರಿಸಿ ಇಂಜೆಕ್ಷನ್ ಕೊಡುತ್ತಿದ್ದರು. ಒಂದು ರಾತ್ರಿ ಇದ್ದಕ್ಕಿದ್ದಂತೆ ಹೊಟ್ಟೆನೋವೆಂದು ಅತ್ತ. ಬೆಳಿಗ್ಗೆ ಮೈ ತಣ್ಣಗಿತ್ತು, ಜ್ವರ ಬಿಟ್ಟಿತೆಂದು ಸಮಾಧಾನಪಟ್ಟೆವು. ಅದರ ಮರುದಿನ ಹೊಟ್ಟೆ ಉಬ್ಬಿ ಹಸಿರು ವಾಂತಿ ಶುರುವಾದಾಗ ಪಟ್ಟಣದ ದೊಡ್ಡ ಆಸ್ಪತ್ರೆಗೆ ಒಯ್ದೆವು. ಎಕ್ಸ್-ರೇ ನೋಡಿದ ಕೂಡಲೇ ಕರುಳು ತೂತಾಗಿದೆ ಎಂದರು, ಆದರೆ ಆಪರೇಷನ್‌ಗೆ ಕರೆದೊಯ್ದದ್ದು ಆರು ಗಂಟೆಗಳ ನಂತರ. ಈಗ ಹೊಟ್ಟೆಯ ಮೇಲೆ ಮಲ ಹೋಗಲು ಚೀಲ ಹಾಕಿದ್ದಾರೆ, ಗಾಯದ ಮೇಲ್ಪದರವನ್ನು ಹೊಲಿಯದೆ ಬಿಟ್ಟಿದ್ದಾರೆ. ಆರು ಗಂಟೆ ಸುಮ್ಮನೆ ಮಲಗಿಸಿದ್ದರಿಂದಲೇ ಹೀಗಾಯಿತು ಎಂದು ನಮ್ಮ ನೆಂಟರು ಹೇಳುತ್ತಾರೆ. ನಿಜವೇ? (ಕಲಬುರಗಿ ಜಿಲ್ಲೆಯ ಓದುಗರು)

ಉತ್ತರ: ತಡವಾಗಿದ್ದು ನಿಜ, ಆದರೆ ನಿಮ್ಮ ನೆಂಟರು ಬೆರಳು ತೋರಿಸುತ್ತಿರುವ ಆರು ಗಂಟೆಗಳಲ್ಲಿ ಅಲ್ಲ, ಅದಕ್ಕೂ ಹಿಂದಿನ ಒಂದೂವರೆ ದಿನದಲ್ಲಿ. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಆ ರಾತ್ರಿ ಆದದ್ದನ್ನು ಗುರುತಿಸಲು ವೈದ್ಯರೂ ಎಷ್ಟೋ ಸಲ ಎಡವುತ್ತಾರೆ.

ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿ ಎಂಬ ರೋಗಾಣು ಕಲುಷಿತ ನೀರು ಮತ್ತು ಆಹಾರದ ಮೂಲಕ ಒಳಹೊಕ್ಕು, ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂನ ಗೋಡೆಯಲ್ಲಿ ಗುಂಪುಗುಂಪಾಗಿ ಇರುವ ರೋಗನಿರೋಧಕ ಅಂಗಾಂಶದಲ್ಲಿ ನೆಲೆಯೂರುತ್ತದೆ. ಪೇಯರ್ ತೇಪೆಗಳೆಂದು ಕರೆಯುವ ಈ ಜಾಗಗಳು ಜ್ವರದ ಮೊದಲ ವಾರದಲ್ಲಿ ಊದುತ್ತವೆ, ಎರಡನೆಯ ವಾರದಲ್ಲಿ ಅವುಗಳ ಮೇಲ್ಪದರ ಸಾಯುತ್ತದೆ, ಮೂರನೆಯ ವಾರದ ಹೊತ್ತಿಗೆ ಸತ್ತ ಪದರ ಕಳಚಿ ಹುಣ್ಣು ಉಳಿಯುತ್ತದೆ. ಹುಣ್ಣು ರಕ್ತನಾಳವನ್ನು ತಿಂದರೆ ರಕ್ತಸ್ರಾವವಾಗುತ್ತದೆ, ಗೋಡೆಯನ್ನೇ ದಾಟಿದರೆ ತೂತು ಬೀಳುತ್ತದೆ. ಆಸ್ಪತ್ರೆ ಸೇರುವ ಟೈಫಾಯಿಡ್ ರೋಗಿಗಳಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಹೀಗಾಗುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಐದು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚು, ಅದಕ್ಕಿಂತ ಚಿಕ್ಕವರಲ್ಲಿ ಕಡಿಮೆ. ಮಕ್ಕಳಲ್ಲಿ ಮೂರನೆಯ ವಾರದವರೆಗೂ ಹೋಗದೆ ಎರಡನೆಯ ವಾರದಲ್ಲೇ ತೂತು ಬೀಳುವುದೂ ಉಂಟು.

ತೂತು ಬಿದ್ದ ಗಳಿಗೆಯಲ್ಲಿ ನೋವು ಜೋರಾಗಿರುತ್ತದೆ. ಆಮೇಲೆ ಕೆಲವು ಮಕ್ಕಳಲ್ಲಿ ನೋವು ಕಡಿಮೆಯಾದಂತೆ ಕಂಡು ಮೈಯ ಕಾವೂ ಇಳಿಯುತ್ತದೆ. ಅದು ಗುಣದ ಲಕ್ಷಣವಲ್ಲ, ರಕ್ತದೊತ್ತಡ ಕುಸಿದು ದೇಹ ಆಘಾತಕ್ಕೆ (ಶಾಕ್) ಇಳಿಯುತ್ತಿರುವ ಲಕ್ಷಣ. ಟೈಫಾಯಿಡ್ ಜ್ವರ ನಿಜವಾಗಿ ಬಿಡುವಾಗ ದಿನದಿಂದ ದಿನಕ್ಕೆ ಮೆಟ್ಟಿಲಿಳಿದಂತೆ ಇಳಿಯುತ್ತದೆ, ಮಗು ಊಟ ಕೇಳುತ್ತದೆ, ನಾಡಿ ನಿಧಾನವಾಗುತ್ತದೆ. ಜ್ವರ ಒಮ್ಮೆಲೇ ಇಳಿದು, ನಾಡಿ ಮಾತ್ರ ಓಡುತ್ತಾ, ಕೈಕಾಲು ತಣ್ಣಗಾಗಿ, ಮಗು ಅಲುಗಾಡದೆ ಮಲಗಿ, ಹೊಟ್ಟೆ ಮುಟ್ಟಗೊಡದಿದ್ದರೆ ಅದೇ ಗಂಟೆಯಲ್ಲಿ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೊರಡಬೇಕು. ಜ್ವರದ ಅಮಲಿನಲ್ಲಿ ಮಂಕಾಗಿರುವ ಮಗು ನೋವನ್ನು ಹೇಳುವುದೂ ಇಲ್ಲ. ಜ್ವರ ಬೇಗ ಇಳಿಯಲೆಂದು ಎಲ್ಲಾದರೂ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರಂತೂ ಹೊಟ್ಟೆ ಬಿಗಿಯುವ ಲಕ್ಷಣವೇ ಮುಚ್ಚಿಹೋಗಬಹುದು. ಟೈಫಾಯಿಡ್‌ನಲ್ಲಿ ಸ್ಟೀರಾಯ್ಡ್‌ಗೆ ಒಂದು ಜಾಗವಿದೆ: ಪ್ರಜ್ಞೆ ತಪ್ಪಿದ ಅಥವಾ ಆಘಾತಕ್ಕೊಳಗಾದ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ಬಹಳಷ್ಟು ತಗ್ಗಿಸಿತೆಂದು 1984ರಲ್ಲಿ ಜಕಾರ್ತಾದ ಅಧ್ಯಯನವೊಂದು ತೋರಿಸಿತು. ಆದರೆ ಅದು ದೊಡ್ಡ ಆಸ್ಪತ್ರೆಯ ನಿಗಾದಲ್ಲಿ ಕೊಡುವ ಔಷಧ. ಜ್ವರ ಇಳಿಸುವ ಇಂಜೆಕ್ಷನ್ ಎಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೊಡುವುದಕ್ಕೆ ಆ ಅಧ್ಯಯನದಲ್ಲಿ ಯಾವ ಆಧಾರವೂ ಇಲ್ಲ.

ಇನ್ನು ಆ ಆರು ಗಂಟೆಗಳ ವಿಚಾರ. ಕರುಳಿನೊಳಗಿನದು ಹೊಟ್ಟೆಯಲ್ಲೆಲ್ಲ ಹರಡಿ ಹೊಟ್ಟೆಯ ಒಳಪೊರೆಯಾದ ಉದರಾವರಣಕ್ಕೆ ಸೋಂಕು ತಗುಲಿದ ಮಗುವಿನಲ್ಲಿ, ರಕ್ತನಾಳಗಳಲ್ಲಿರಬೇಕಾದ ನೀರು ಮತ್ತು ಲವಣ ಹೊಟ್ಟೆಯೊಳಕ್ಕೂ ಊದಿದ ಕರುಳಿನೊಳಕ್ಕೂ ಸೋರಿಹೋಗಿರುತ್ತದೆ. ಎರಡು ವಾರ ಸರಿಯಾಗಿ ಉಣ್ಣದ ಮಗುವಿನ ಪೊಟ್ಯಾಸಿಯಂ ಮೊದಲೇ ಕುಸಿದಿರುತ್ತದೆ, ರಕ್ತವೂ ಕಡಿಮೆಯಿರುತ್ತದೆ. ಅಂಥ ಮಗುವನ್ನು ಬಂದ ಹಾಗೆಯೇ ಅರಿವಳಿಕೆಗೆ ಒಳಪಡಿಸಿದರೆ ರಕ್ತದೊತ್ತಡ ಕುಸಿದು ಮೇಜಿನ ಮೇಲೆಯೇ ಹೃದಯ ನಿಲ್ಲುವ ಅಪಾಯವಿದೆ. ಆದ್ದರಿಂದ ಮೊದಲು ರಕ್ತನಾಳದ ಮೂಲಕ ಲವಣದ್ರವವನ್ನು ವೇಗವಾಗಿ ಕೊಡುತ್ತಾರೆ, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಒಳಗಿನದನ್ನು ಹೊರತೆಗೆಯುತ್ತಾರೆ, ಟೈಫಾಯಿಡ್ ರೋಗಾಣುವಿನ ಜೊತೆಗೆ ಕರುಳಿನ ಇತರ ರೋಗಾಣುಗಳನ್ನೂ ಹತೋಟಿಗೆ ತರುವ ಆ್ಯಂಟಿಬಯಾಟಿಕ್‌ಗಳನ್ನು ಆರಂಭಿಸುತ್ತಾರೆ, ರಕ್ತ ಹೊಂದಿಸುತ್ತಾರೆ, ಮೂತ್ರಕ್ಕೆ ಕ್ಯಾಥೆಟರ್ ಹಾಕಿ ಗಂಟೆಗೆ ಎಷ್ಟು ಮೂತ್ರ ಬರುತ್ತಿದೆ ಎಂದು ಅಳೆಯುತ್ತಾರೆ. ಮಗುವಿನ ತೂಕದ ಪ್ರತಿ ಕಿಲೋಗೆ ಗಂಟೆಗೆ 1 ಮಿಲಿಲೀಟರಿನಷ್ಟು ಮೂತ್ರ ಬರತೊಡಗಿದರೆ ಮೂತ್ರಪಿಂಡಗಳಿಗೆ ರಕ್ತ ತಲುಪುತ್ತಿದೆ, ಅರಿವಳಿಕೆಗೆ ದೇಹ ಸಿದ್ಧವಾಗುತ್ತಿದೆ ಎಂದು ತಿಳಿಯುತ್ತೇವೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಹೊರಗೆ ಕುಳಿತ ತಂದೆತಾಯಿಗೆ ಇದು ಸುಮ್ಮನೆ ಮಲಗಿಸಿದಂತೆ ಕಾಣುವುದು ಸಹಜ. ಏನು ನಡೆಯುತ್ತಿದೆ ಎಂದು ಯಾರಾದರೂ ಎರಡು ನಿಮಿಷ ನಿಂತು ನಿಮಗೆ ಹೇಳಬೇಕಿತ್ತು. ಆ ಮಟ್ಟಿಗೆ ನಿಮ್ಮ ಅಸಮಾಧಾನ ನ್ಯಾಯವಾದದ್ದೇ.

ಚೀಲ ಏಕೆ ಬಂತು ಎಂಬುದಕ್ಕೆ ಹೊಟ್ಟೆ ತೆರೆದಾಗ ಕಂಡ ಸ್ಥಿತಿಯೇ ಉತ್ತರ. ತೂತು ಒಂದೇ ಇದ್ದು, ಸುತ್ತಲಿನ ಕರುಳು ತಕ್ಕಮಟ್ಟಿಗೆ ಗಟ್ಟಿಯಾಗಿದ್ದು, ಮಗು ಬೇಗ ಬಂದಿದ್ದರೆ, ತೂತಿನ ಅಂಚನ್ನು ಕತ್ತರಿಸಿ ತಾಜಾ ಮಾಡಿ, ಆ ತುಣುಕನ್ನು ಪರೀಕ್ಷೆಗೆ ಕಳಿಸಿ, ಹೊಲಿದು ಮುಚ್ಚುತ್ತೇವೆ. ಬಹುಪಾಲು ಮಕ್ಕಳಿಗೆ ಇಷ್ಟು ಸಾಕು. ತೂತುಗಳು ಹಲವಿದ್ದು ಹತ್ತಿರಹತ್ತಿರವಿದ್ದರೆ ಆ ತುಂಡನ್ನೇ ತೆಗೆದು ಎರಡು ತುದಿಗಳನ್ನು ಜೋಡಿಸಬೇಕಾಗುತ್ತದೆ. ಹೊಟ್ಟೆ ತುಂಬ ಕೀವು, ಮಲ ಇದ್ದು, ಕರುಳು ಊದಿ ಒದ್ದೆ ಕಾಗದದಂತಾಗಿ ಹೊಲಿಗೆ ಹಿಡಿಯದ ಸ್ಥಿತಿಯಲ್ಲಿದ್ದರೆ, ಅಥವಾ ಮಗುವಿನ ರಕ್ತದೊತ್ತಡ ದೀರ್ಘ ಶಸ್ತ್ರಚಿಕಿತ್ಸೆಯನ್ನು ತಾಳದಂತಿದ್ದರೆ, ಹೊಲಿದ ಜಾಗ ಐದಾರು ದಿನಗಳಲ್ಲಿ ಬಿಟ್ಟುಹೋಗುವ ಭಯ ದೊಡ್ಡದು. ಹಾಗೆ ಬಿಟ್ಟರೆ ಮತ್ತೊಮ್ಮೆ ಹೊಟ್ಟೆ ತೆರೆಯಬೇಕು, ಆ ಎರಡನೆಯ ಶಸ್ತ್ರಚಿಕಿತ್ಸೆಯನ್ನು ಎಷ್ಟೋ ಮಕ್ಕಳು ತಾಳಲಾರರು. ಅದಕ್ಕಾಗಿ ಕರುಳಿನ ತುದಿಯನ್ನು ತಾತ್ಕಾಲಿಕವಾಗಿ ಹೊಟ್ಟೆಯ ಹೊರಗೆ ತೆರೆದಿಡುತ್ತೇವೆ. ಇದೇ ಇಲಿಯಾಸ್ಟಮಿ. ಯಾವ ಮಗುವಿಗೆ ಹೊಲಿಗೆ, ಯಾವ ಮಗುವಿಗೆ ಇಲಿಯಾಸ್ಟಮಿ ಎಂಬುದರಲ್ಲಿ ಶಸ್ತ್ರಚಿಕಿತ್ಸಕರ ನಡುವೆಯೇ ಒಮ್ಮತವಿಲ್ಲ. ನನ್ನ ಒಲವು ಹೇಳುವುದಾದರೆ, ಒಂದು ದಿನಕ್ಕಿಂತ ತಡವಾಗಿ ಬಂದ, ಕಳೆಗುಂದಿದ ಮಗುವಿನಲ್ಲಿ ನಾನು ಚೀಲದ ಕಡೆಗೇ ವಾಲುತ್ತೇನೆ. ನೀವು ಬರೆದ ವಿವರಗಳನ್ನು ನೋಡಿದರೆ ನಿಮ್ಮ ಮಗನ ವಿಷಯದಲ್ಲೂ ಅವರು ಅದನ್ನೇ ಯೋಚಿಸಿರಬೇಕು.

ಗಾಯದ ಮೇಲ್ಪದರವನ್ನು ಹೊಲಿಯದೆ ಬಿಟ್ಟಿದ್ದಾರೆ ಎಂದೂ ಬರೆದಿದ್ದೀರಿ. ಅದೂ ಉದ್ದೇಶಪೂರ್ವಕವಾದದ್ದೇ. ಈ ಶಸ್ತ್ರಚಿಕಿತ್ಸೆಯ ನಂತರ ಅತಿ ಹೆಚ್ಚು ಕಾಡುವ ತೊಂದರೆ ಗಾಯಕ್ಕೆ ಕೀವು ತುಂಬುವುದು. ಚರ್ಮವನ್ನು ತೆರೆದಿಟ್ಟು, ದಿನವೂ ಡ್ರೆಸ್ಸಿಂಗ್ ಮಾಡಿ, ಶುದ್ಧವಾದ ಮೇಲೆ ಹೊಲಿದರೆ ಒಳಪದರದ ಹೊಲಿಗೆ ಉಳಿಯುತ್ತದೆ.

ಪ್ರಶ್ನೆ: ಕರುಳಿನ ತೂತು ಚಿಕ್ಕದಾಗಿದ್ದರೆ ಆ್ಯಂಟಿಬಯಾಟಿಕ್‌ನಿಂದಲೇ ಮುಚ್ಚಿಕೊಳ್ಳಬಹುದಲ್ಲವೇ? ಇಲ್ಲವಾದರೆ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ, ಮಾಡಲು ಸಾಧ್ಯವಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ವೈದ್ಯಲೋಕವೂ ಒಂದು ಕಾಲದಲ್ಲಿ ಗಂಭೀರವಾಗಿ ಕೇಳಿಕೊಂಡಿತ್ತು. 1948ರಲ್ಲಿ ಕೌಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಟೈಫಾಯಿಡ್ ವಿರುದ್ಧ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ, ತೂತು ಬಿದ್ದವರನ್ನೂ ಕತ್ತರಿ ಮುಟ್ಟಿಸದೆ ಔಷಧ ಮತ್ತು ಮೂಗಿನ ನಳಿಕೆಯಿಂದಲೇ ಉಳಿಸಬಹುದೆಂದು ವಾದಿಸಿದ ವೈದ್ಯರಿದ್ದರು. ಅವರ ವಾದದ ಹಿಂದೆ ಕಾರಣವೂ ಇತ್ತು: ಆಗಿನ ಅರಿವಳಿಕೆ, ಆಗಿನ ರಕ್ತ ಪೂರೈಕೆಯಲ್ಲಿ ಶಸ್ತ್ರಚಿಕಿತ್ಸೆಯೇ ರೋಗದಷ್ಟು ಅಪಾಯಕಾರಿಯಾಗಿತ್ತು. ಇಂದು ಆ ವಾದ ನಿಲ್ಲುವುದಿಲ್ಲ. ಕರುಳಿನಿಂದ ಸೋರುವುದು ನಿಲ್ಲದೆ ಯಾವ ಔಷಧವೂ ಹೊಟ್ಟೆಯನ್ನು ಶುದ್ಧಗೊಳಿಸಲಾರದು. ಅಲ್ಲದೆ ತೂತು ಬಿದ್ದ ಜಾಗದ ಆಚೀಚೆ ಇನ್ನೇನು ಬೀಳಲಿರುವ ತೆಳುವಾದ ಜಾಗಗಳು ಇದ್ದರೆ ಅವು ಕಾಣುವುದು ಕರುಳನ್ನು ಇಂಚಿಂಚಾಗಿ ಕೈಯಲ್ಲಿ ಹಿಡಿದು ನೋಡಿದಾಗ ಮಾತ್ರ.

ಲ್ಯಾಪರೊಸ್ಕೋಪಿ ಅಸಾಧ್ಯವೇನಲ್ಲ. ಬೇಗ ಪತ್ತೆಯಾದ, ಹೊಟ್ಟೆ ಹೆಚ್ಚು ಉಬ್ಬಿರದ, ರಕ್ತದೊತ್ತಡ ಸ್ಥಿರವಾಗಿರುವ ಮಗುವಿನಲ್ಲಿ ಪಳಗಿದವರು ಮಾಡುತ್ತಾರೆ. ಆದರೆ ಉಬ್ಬಿದ ಕರುಳಿನ ನಡುವೆ ಕ್ಯಾಮೆರಾ ಓಡಾಡಲು ಜಾಗವಿರುವುದಿಲ್ಲ, ಊದಿದ ಕರುಳನ್ನು ಉಪಕರಣದಿಂದ ಹಿಡಿದರೆ ಹೊಸ ತೂತು ಬೀಳಬಹುದು. ಹೊಟ್ಟೆಯ ಮೇಲಿನ ಗುರುತು ಚಿಕ್ಕದಿರಲಿ ಎಂಬ ಆಸೆ ಈ ರೋಗದಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲಬೇಕಾದದ್ದು.

ಪ್ರಶ್ನೆ: ನನ್ನ ಆರು ವರ್ಷದ ಮಗಳಿಗೆ ಟೈಫಾಯಿಡ್ ಆಪರೇಷನ್ ಆಗಿ ಇಲಿಯಾಸ್ಟಮಿ ಮಾಡಿದ್ದಾರೆ. ಚೀಲದ ಸುತ್ತಲಿನ ಚರ್ಮ ಕೆಂಪಾಗಿ ಹಸಿಯಾಗಿದೆ, ಮುಟ್ಟಿದರೆ ಅಳುತ್ತಾಳೆ. ಹೊರಗೆ ಬರುವುದು ಹೆಚ್ಚಾಗುತ್ತದೆಂದು ಮನೆಯಲ್ಲಿ ಹಿರಿಯರು ಅವಳಿಗೆ ನೀರು, ಊಟ ಕಡಿಮೆ ಕೊಡಲು ಹೇಳುತ್ತಾರೆ. ತೂಕ ಇಳಿಯುತ್ತಿದೆ. ಯಾವಾಗ ಮುಚ್ಚುತ್ತಾರೆ? ಎರಡನೆಯ ಆಪರೇಷನ್‌ಗೆ ನಮ್ಮಲ್ಲಿ ಹಣವಿಲ್ಲ. (ಹಾಸನ ಜಿಲ್ಲೆಯ ಓದುಗರು)

ಉತ್ತರ: ಮೊದಲು ಒಂದು ಮಾತು: ನೀರು, ಊಟ ಕಡಿಮೆ ಮಾಡುವುದನ್ನು ಇಂದೇ ನಿಲ್ಲಿಸಿ. ಹಿರಿಯರ ಕಾಳಜಿ ಒಳ್ಳೆಯದೇ, ಆದರೆ ಈ ಸಲಹೆ ನಿಮ್ಮ ಮಗಳಿಗೆ ಅಪಾಯ ತರುತ್ತದೆ. ದೊಡ್ಡ ಕರುಳು ಮಾಡುವ ಮುಖ್ಯ ಕೆಲಸವೆಂದರೆ ನೀರು ಮತ್ತು ಉಪ್ಪನ್ನು ಹಿಂದಕ್ಕೆ ಹೀರಿಕೊಳ್ಳುವುದು. ಇಲಿಯಾಸ್ಟಮಿಯಿರುವ ಮಗುವಿನಲ್ಲಿ ಮಲ ಅಲ್ಲಿಗೆ ತಲುಪುವ ಮುನ್ನವೇ ಹೊರಬರುವುದರಿಂದ ನೀರಿನೊಡನೆ ಸೋಡಿಯಂ ಕೂಡ ಹೋಗುತ್ತಿರುತ್ತದೆ. ಸೋಡಿಯಂ ಕೊರತೆಯಾದ ಮಗು ಎಷ್ಟು ತಿಂದರೂ ತೂಕ ಹಿಡಿಯುವುದಿಲ್ಲ. ಮೂತ್ರದಲ್ಲಿನ ಸೋಡಿಯಂ ಪರೀಕ್ಷೆ ಮಾಡಿಸಿದರೆ ಈ ಕೊರತೆ ಸುಲಭವಾಗಿ ತಿಳಿಯುತ್ತದೆ, ಮುಂದಿನ ಭೇಟಿಯಲ್ಲಿ ಅದನ್ನು ಕೇಳಿ. ಬರೀ ನೀರಿಗಿಂತ ಓಆರ್‌ಎಸ್ ಮೇಲು. ಗಂಜಿಗೆ, ಮಜ್ಜಿಗೆಗೆ ಉಪ್ಪು ಹಾಕಿಯೇ ಕೊಡಿ. ಅನ್ನ, ಮೊಸರನ್ನ, ಬಾಳೆಹಣ್ಣು, ಮೃದುವಾಗಿ ಬೇಯಿಸಿದ ಬೇಳೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವೆಲ್ಲ ಸ್ವಲ್ಪಸ್ವಲ್ಪವಾಗಿ ಆಗಾಗ ಕೊಡಬಹುದು. ಅಂಗಡಿಯ ಸಿಹಿ ಜ್ಯೂಸ್ ಹೊರಹೋಗುವುದನ್ನು ಹೆಚ್ಚಿಸುತ್ತದೆ. ನಾರು ಗಟ್ಟಿಯಾಗಿರುವ ಕಬ್ಬು, ಕಡಲೆಬೀಜ, ಜೋಳದ ತೆನೆ ಕೆಲವೊಮ್ಮೆ ದ್ವಾರದಲ್ಲಿ ಸಿಕ್ಕಿಕೊಳ್ಳುತ್ತವೆ.

ದಿನಕ್ಕೆ ಎಷ್ಟು ಹೊರಬರುತ್ತಿದೆ ಎಂದು ಒಂದು ಅಳತೆಯ ಲೋಟದಲ್ಲಿ ಅಳೆದು ಬರೆದಿಡಿ. ಮಗುವಿನ ತೂಕದ ಪ್ರತಿ ಕಿಲೋಗೆ 20 ಮಿಲಿಲೀಟರ್ ದಾಟಿದರೆ, ಅಂದರೆ 15 ಕಿಲೋ ತೂಗುವ ಮಗುವಿಗೆ ದಿನಕ್ಕೆ 300 ಮಿಲಿಲೀಟರಿಗಿಂತ ಹೆಚ್ಚಾದರೆ, ವೈದ್ಯರಿಗೆ ತಿಳಿಸಬೇಕು. ಮೂತ್ರ ಕಡಿಮೆಯಾಗಿ ಕಣ್ಣು ಗುಳಿಬಿದ್ದರೆ, ವಾಂತಿಯಾದರೆ, ಅಥವಾ ಚೀಲಕ್ಕೆ ಏನೂ ಬರದೆ ಹೊಟ್ಟೆ ಉಬ್ಬಿದರೆ ಕಾಯದೆ ಹೋಗಬೇಕು. ಹೊರಗೆ ಕಾಣುವ ಕರುಳು ತುಟಿಯ ಒಳಭಾಗದಂತೆ ಕೆಂಪಾಗಿ ಒದ್ದೆಯಾಗಿರಬೇಕು. ಕಪ್ಪಾದರೆ, ನೀಲಿಯಾದರೆ ತುರ್ತು.

ಚರ್ಮ ಹಸಿಯಾಗಲು ಕಾರಣ ಸಣ್ಣ ಕರುಳಿನ ರಸದಲ್ಲಿರುವ ಪಿತ್ತ ಮತ್ತು ಜೀರ್ಣಕಾರಕಗಳು. ಅವು ಆಹಾರವನ್ನು ಕರಗಿಸಿದಂತೆ ಚರ್ಮವನ್ನೂ ಕೊರೆಯುತ್ತವೆ. ನೂರಕ್ಕೆ ತೊಂಬತ್ತು ಸಲ ತಪ್ಪಿರುವುದು ಚರ್ಮಕ್ಕೆ ಅಂಟುವ ಚೀಲದ ತಟ್ಟೆಯಲ್ಲಿ ಕತ್ತರಿಸುವ ತೂತಿನ ಅಳತೆಯಲ್ಲಿ ಎಂದರೂ ಅತಿಶಯವಾಗದು. ಅದು ಕರುಳಿನ ಬಾಯಿಗಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು, ಮತ್ತು ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಊತ ಇಳಿದಂತೆ ಬಾಯಿ ಚಿಕ್ಕದಾಗುವುದರಿಂದ ಹಳೆಯ ಅಳತೆ ನಡೆಯುವುದಿಲ್ಲ, ಪ್ರತಿ ಸಲ ಹೊಸದಾಗಿ ಅಳೆಯಬೇಕು. ಚರ್ಮವನ್ನು ಬರೀ ನೀರಿನಿಂದ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಸಿಯನ್ನು ಹೀರುವ ಸ್ಟೋಮಾ ಪೌಡರ್ ಉದುರಿಸಿ ಹೆಚ್ಚಾದದ್ದನ್ನು ಕೊಡವಿ ತಟ್ಟೆ ಅಂಟಿಸಿ. ಜಿಂಕ್ ಆಕ್ಸೈಡ್ ಮುಲಾಮು ಚರ್ಮಕ್ಕೆ ಒಳ್ಳೆಯದಾದರೂ ಅದರ ಜಿಡ್ಡಿನ ಮೇಲೆ ಚೀಲ ಅಂಟುವುದಿಲ್ಲ; ಚೀಲವಿಲ್ಲದೆ ಬಟ್ಟೆ ಕಟ್ಟುವ ಹೊತ್ತಿನಲ್ಲಿ ಮಾತ್ರ ಹಚ್ಚಿ. ಚೀಲ ಮೂರನೆಯ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿದರೆ ಭಾರಕ್ಕೆ ತಟ್ಟೆ ಕಿತ್ತುಬರುವುದಿಲ್ಲ.

ಮುಚ್ಚುವ ಸಮಯ ಸಾಮಾನ್ಯವಾಗಿ 8ರಿಂದ 12 ವಾರಗಳ ನಂತರ. ಅಷ್ಟರಲ್ಲಿ ಹೊಟ್ಟೆಯೊಳಗಿನ ಉರಿಯೂತ ತಣಿದು, ಮಗು ಕಳೆದುಕೊಂಡ ತೂಕವನ್ನು ಮರಳಿ ಪಡೆದಿರಬೇಕು. ಕೆಳಗಿನ ಕರುಳಿಗೆ ಬಣ್ಣದ ದ್ರವ ಬಿಟ್ಟು ಎಕ್ಸ್-ರೇ ತೆಗೆದು ದಾರಿ ತೆರೆದಿದೆ ಎಂದು ಖಚಿತಪಡಿಸಿಕೊಂಡು ಮುಚ್ಚುತ್ತಾರೆ. ಇದು ಮೊದಲನೆಯದಕ್ಕೆ ಹೋಲಿಸಿದರೆ ಬಹಳ ಸಣ್ಣ ಶಸ್ತ್ರಚಿಕಿತ್ಸೆ. ಮಗಳು ನಿತ್ರಾಣವಾಗಿಲ್ಲದಿದ್ದರೆ ಚೀಲದೊಂದಿಗೆ ಶಾಲೆಗೆ ಹೋಗಲು ಅಡ್ಡಿಯಿಲ್ಲ. ಶಿಕ್ಷಕರೊಬ್ಬರಿಗೆ ವಿಷಯ ತಿಳಿಸಿ, ಬದಲಿ ಚೀಲವೊಂದನ್ನು ಬ್ಯಾಗಿನಲ್ಲಿಡಿ.

ಹಣದ ವಿಚಾರದಲ್ಲಿ, 2018ರಿಂದ ನಮ್ಮ ರಾಜ್ಯದಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಮೊದಲೇ ಕಂಡು, ಎರಡನೆಯ ಶಸ್ತ್ರಚಿಕಿತ್ಸೆಗೆ ಯಾವ ಕಾಗದಗಳು ಬೇಕು ಎಂದು ಕೇಳಿಟ್ಟುಕೊಳ್ಳಿ. ಮೊದಲ ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರವನ್ನು ಮಾತ್ರ ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ.

ಪ್ರಶ್ನೆ: ಬಲಗಡೆ ಹೊಟ್ಟೆನೋವು, ಜ್ವರ ಎಂದು ನಮ್ಮ ಮಗನಿಗೆ ಅಪೆಂಡಿಕ್ಸ್ ಆಪರೇಷನ್ ಮಾಡಿದರು. ಅಪೆಂಡಿಕ್ಸ್ ಸರಿಯಾಗಿತ್ತಂತೆ, ಆಮೇಲೆ ಟೈಫಾಯಿಡ್ ಎಂದು ಗೊತ್ತಾಯಿತು. ಅನಾವಶ್ಯಕ ಆಪರೇಷನ್ ಅಲ್ಲವೇ? (ದಾವಣಗೆರೆಯ ಓದುಗರು)

ಉತ್ತರ: ಫಲಿತಾಂಶ ನೋಡಿ ಹೇಳುವುದಾದರೆ ಹೌದು, ಆ ದಿನ ವೈದ್ಯರ ಮುಂದಿದ್ದ ಮಾಹಿತಿಯನ್ನು ನೋಡಿ ಹೇಳುವುದಾದರೆ ಇಲ್ಲ. ಇಲಿಯಂನ ಕೊನೆ ಮತ್ತು ಅಪೆಂಡಿಕ್ಸ್ ಪಕ್ಕಪಕ್ಕದಲ್ಲೇ ಇವೆ, ಟೈಫಾಯಿಡ್‌ನಲ್ಲಿ ಅಲ್ಲಿನ ದುಗ್ಧಗ್ರಂಥಿಗಳೂ ಊದುತ್ತವೆ, ನೋವು ಅದೇ ಜಾಗದಲ್ಲಿ ಕಾಣಿಸುತ್ತದೆ. ನೋವಿಗೆ ಮುನ್ನ ಎಷ್ಟು ದಿನ ಜ್ವರವಿತ್ತು ಎಂಬ ಪ್ರಶ್ನೆ ಇಲ್ಲಿ ಬಹಳ ಸಹಾಯ ಮಾಡುತ್ತದೆ. ಅಪೆಂಡಿಕ್ಸ್‌ನಲ್ಲಿ ನೋವು ಮೊದಲು ಬಂದು ಜ್ವರ ಹಿಂಬಾಲಿಸುತ್ತದೆ. ಟೈಫಾಯಿಡ್‌ನಲ್ಲಿ ದಿನಗಟ್ಟಲೆ ಜ್ವರವಿದ್ದು ನೋವು ಆಮೇಲೆ. ಅಪೆಂಡಿಕ್ಸ್‌ನಲ್ಲಿ ಬಿಳಿರಕ್ತಕಣಗಳು ಸಾಮಾನ್ಯವಾಗಿ ಏರುತ್ತವೆ, ಟೈಫಾಯಿಡ್‌ನಲ್ಲಿ ಅನೇಕ ವೇಳೆ ಏರದೆ ಇಳಿದಿರುತ್ತವೆ. ಇಷ್ಟೆಲ್ಲ ಇದ್ದರೂ ಅನುಮಾನ ಉಳಿದಾಗ ಹೊಟ್ಟೆಯನ್ನು ನೋಡಿಬಿಡುವುದೇ ಲೇಸು ಎಂದು ನಿರ್ಧರಿಸುವ ಸಂದರ್ಭಗಳಿವೆ.

ಪ್ರಶ್ನೆ: ಟೈಫಾಯಿಡ್ ಇರುವ ಮಗಳ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶ ಊದಿದೆ, ಗೋಡೆ ದಪ್ಪವಾಗಿದೆ ಎಂದು ಬಂದಿದೆ. ಪಿತ್ತಕೋಶ ತೆಗೆಯದಿದ್ದರೆ ಅವಳು ಜೀವನವಿಡೀ ರೋಗ ಹರಡುತ್ತಾಳೆ ಎಂದು ಒಬ್ಬರು ಹೆದರಿಸಿದ್ದಾರೆ. (ಶಿವಮೊಗ್ಗದ ಓದುಗರು)

ಉತ್ತರ: ಹೆದರಬೇಡಿ. ಟೈಫಾಯಿಡ್ ರೋಗಾಣುವಿಗೆ ಪಿತ್ತರಸ ಒಗ್ಗುವುದರಿಂದ ಪಿತ್ತಕೋಶ ಊದುವುದು ಮಕ್ಕಳಲ್ಲಿ ಆಗಾಗ ಕಾಣುವ ಸಂಗತಿ, ಕಲ್ಲಿಲ್ಲದೆಯೇ ಊದುತ್ತದೆ. ಬಹುತೇಕ ಎಲ್ಲರಲ್ಲೂ ಆ್ಯಂಟಿಬಯಾಟಿಕ್‌ನಿಂದಲೇ ಇಳಿಯುತ್ತದೆ, ಕೆಲವು ದಿನ ಬಿಟ್ಟು ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿ ನೋಡಿದರೆ ಸಾಕು. ಪಕ್ಕೆಲುಬಿನ ಕೆಳಗೆ ಗಡ್ಡೆ ಬೆಳೆಯುತ್ತ ನೋವು ಏರುತ್ತಿದ್ದರೆ, ಗೋಡೆ ಕೊಳೆತ ಅಥವಾ ಒಡೆದ ಸೂಚನೆಯಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ.

ರೋಗ ಹರಡುವ ವಾಹಕರ ವಿಷಯ ಬೇರೆ. ಒಂದು ವರ್ಷವಾದರೂ ಮಲದಲ್ಲಿ ರೋಗಾಣು ಹೋಗುತ್ತಲೇ ಇದ್ದರೆ ಅವರನ್ನು ದೀರ್ಘಕಾಲದ ವಾಹಕರು ಎನ್ನುತ್ತಾರೆ. ಇದು ಪಿತ್ತಕೋಶದಲ್ಲಿ ಕಲ್ಲಿರುವ ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು, ಮಕ್ಕಳಲ್ಲಿ ಅಪರೂಪ. ನ್ಯೂಯಾರ್ಕಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್ ಎಂಬಾಕೆಯ ಪ್ರಕರಣ ಇದರಲ್ಲಿ ಪ್ರಸಿದ್ಧ. ಪಿತ್ತಕೋಶ ತೆಗೆಯಲು ಆಕೆ ಒಪ್ಪಲಿಲ್ಲ. ಮೊದಲು 1907ರಲ್ಲಿ, ಮತ್ತೆ 1915ರಿಂದ 1938ರಲ್ಲಿ ತೀರಿಕೊಳ್ಳುವವರೆಗೂ ಆಕೆಯನ್ನು ದ್ವೀಪವೊಂದರಲ್ಲಿ ಪ್ರತ್ಯೇಕವಾಗಿ ಇರಿಸಲಾಯಿತು. ಆ ಕಾಲದಲ್ಲಿ ಆ್ಯಂಟಿಬಯಾಟಿಕ್ ಇರಲಿಲ್ಲ ಎಂಬುದನ್ನು ಮರೆಯಬಾರದು. ನಿಮ್ಮ ಮಗಳಿಗೆ ಆ ಕಥೆ ಅನ್ವಯಿಸುವುದಿಲ್ಲ. ಬದಲಿಗೆ, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಟೈಫಾಯಿಡ್ ಬರುತ್ತಿದ್ದರೆ ಅಡುಗೆ ಮಾಡುವ ಹಿರಿಯರ ಮಲಪರೀಕ್ಷೆ ಮಾಡಿಸುವುದು ಉಪಯುಕ್ತ.

ಪ್ರಶ್ನೆ: ಟೈಫಾಯಿಡ್ ಆದ ಮಗುವಿಗೆ ಮಲದಲ್ಲಿ ರಕ್ತ ಹೋದರೆ ಆಪರೇಷನ್ ಬೇಕೇ? (ವಿಜಯಪುರದ ಓದುಗರು)

ಉತ್ತರ: ಹೆಚ್ಚಿನವರಿಗೆ ಬೇಡ. ಆಸ್ಪತ್ರೆಗೆ ಸೇರಿಸುವುದು ಮಾತ್ರ ಕಡ್ಡಾಯ. ರಕ್ತ ಕೊಟ್ಟು, ಪ್ಲೇಟ್‌ಲೆಟ್ ಮತ್ತು ಹೆಪ್ಪುಗಟ್ಟುವಿಕೆಯ ಕೊರತೆಯನ್ನು ಸರಿಪಡಿಸಿ, ಟೈಫಾಯಿಡ್ ಚಿಕಿತ್ಸೆ ಮುಂದುವರಿಸಿದರೆ ಹುಣ್ಣು ತಾನಾಗಿ ಮಾಯುತ್ತದೆ. ರಕ್ತ ಕೊಟ್ಟಷ್ಟೂ ಹೋಗುತ್ತಲೇ ಇದ್ದರೆ ರಕ್ತನಾಳವನ್ನು ಒಳಗಿನಿಂದ ಮುಚ್ಚುವ ಸೌಲಭ್ಯವಿರುವಲ್ಲಿ ಅದನ್ನು, ಇಲ್ಲದಲ್ಲಿ ಆ ಕರುಳಿನ ತುಂಡನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮಾಡುತ್ತಾರೆ. ಮನೆಯಲ್ಲಿ ಮಾಡಬಾರದ ಎರಡು ಕೆಲಸಗಳಿವೆ. ಮಲಬದ್ಧತೆ ಎಂದು ಭೇದಿ ಔಷಧ, ಹರಳೆಣ್ಣೆ, ಎನಿಮಾ ಕೊಡಬಾರದು. ತೆಳುವಾಗಿರುವ ಕರುಳಿನ ಮೇಲೆ ಒತ್ತಡ ಬೀಳುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್ ಜಾತಿಯ ಸಿರಪ್‌ಗಳನ್ನು ಕೊಡಬಾರದು. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಪ್ರಶ್ನೆ: ನಮ್ಮ ಹಾಡಿಯ ಹುಡುಗನೊಬ್ಬನಿಗೆ ಸಿಕಲ್ ಸೆಲ್ ಕಾಯಿಲೆ ಇದೆ. ಜ್ವರ ಬಂದು ತೊಡೆ ಊದಿದಾಗ ಎಲುಬಿನಲ್ಲಿ ಟೈಫಾಯಿಡ್ ಜಾತಿಯ ಕೀವು ಎಂದರು. ಹಾಗೂ ಆಗುತ್ತದೆಯೇ? (ಎಚ್.ಡಿ. ಕೋಟೆಯಿಂದ ಆರೋಗ್ಯ ಕಾರ್ಯಕರ್ತೆ)

ಉತ್ತರ: ಆಗುತ್ತದೆ. ಕುಡುಗೋಲಿನಾಕಾರಕ್ಕೆ ತಿರುಗಿದ ಕೆಂಪುಕಣಗಳು ಎಲುಬಿನ ಸಣ್ಣ ರಕ್ತನಾಳಗಳನ್ನು ಕಟ್ಟಿ ಅಲ್ಲಲ್ಲಿ ಮಜ್ಜೆಯನ್ನು ಸಾಯಿಸುತ್ತವೆ, ಗುಲ್ಮವೂ (ಸ್ಪ್ಲೀನ್) ಕೆಲಸ ನಿಲ್ಲಿಸಿರುತ್ತದೆ. ಕರುಳಿನಿಂದ ರಕ್ತಕ್ಕೆ ಬಂದ ಸಾಲ್ಮೊನೆಲ್ಲಾ ಆ ಸತ್ತ ಜಾಗದಲ್ಲಿ ನೆಲೆಸುತ್ತದೆ. ಟೈಫಿ ಮಾತ್ರವಲ್ಲ, ಅದೇ ಕುಲದ ಇತರ ರೋಗಾಣುಗಳೇ ಇದಕ್ಕೆ ಹೆಚ್ಚಾಗಿ ಕಾರಣ. ಸಿಕಲ್ ಸೆಲ್‌ನ ನೋವಿನ ದಾಳಿಯೂ ಹೀಗೇ ಕಾಣುವುದರಿಂದ ಮೋಸಹೋಗುವುದು ಸುಲಭ. ಒಂದೇ ಜಾಗದ ನೋವು, ಊತ, ಬಿಡದ ಜ್ವರ ಇದ್ದರೆ ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮತ್ತು ಎಂಆರ್‌ಐ ಅಥವಾ ಸ್ಕ್ಯಾನಿಂಗ್ ಬೇಕು. ಕೀವು ತುಂಬಿದ್ದರೆ ತೆರೆದು ತೆಗೆಯಬೇಕು, ಆ್ಯಂಟಿಬಯಾಟಿಕ್ ವಾರಗಟ್ಟಲೆ ನಡೆಯಬೇಕು. ಅರಿವಳಿಕೆಗೆ ಮುನ್ನ ಸಿಕಲ್ ಸೆಲ್ ಇರುವುದನ್ನು ತಪ್ಪದೆ ಹೇಳಿ; ನೀರಿನಂಶ, ಆಮ್ಲಜನಕ, ಮೈಯ ಬಿಸಿ ಇವುಗಳನ್ನು ಕಾಯ್ದುಕೊಳ್ಳದಿದ್ದರೆ ಶಸ್ತ್ರಚಿಕಿತ್ಸೆಯೇ ಹೊಸ ದಾಳಿಗೆ ದಾರಿಯಾಗುತ್ತದೆ.

ಪ್ರಶ್ನೆ: ಒಬ್ಬ ಮಗನಿಗೆ ಟೈಫಾಯಿಡ್‌ನಿಂದ ಕರುಳು ತೂತಾಗಿ ಆಪರೇಷನ್ ಆಗಿದೆ. ಅವನಿಗೂ ಅವನ ಮೂರು ವರ್ಷದ ತಂಗಿಗೂ ಲಸಿಕೆ ಹಾಕಿಸಬೇಕೇ? ಪ್ರತಿ ಜ್ವರಕ್ಕೂ ವಿಡಾಲ್ ಪರೀಕ್ಷೆ ಮಾಡಿಸುತ್ತಿದ್ದೇವೆ, ಅದು ಪ್ರತಿ ಸಲವೂ ಪಾಸಿಟಿವ್ ಬರುತ್ತದೆ. (ಬಳ್ಳಾರಿಯ ಓದುಗರು)

ಉತ್ತರ: ಇಬ್ಬರಿಗೂ ಹಾಕಿಸಿ. ಒಮ್ಮೆ ಟೈಫಾಯಿಡ್ ಬಂದರೆ ಮತ್ತೆ ಬರುವುದಿಲ್ಲ ಎಂಬ ಖಾತರಿಯಿಲ್ಲ. ಮಗನಿಗೆ ಪೂರ್ತಿ ಗುಣವಾಗಿ ನಾಲ್ಕರಿಂದ ಆರು ವಾರ ಕಳೆದ ಮೇಲೆ ಕೊಡಿಸಬಹುದು. ಟೈಫಾಯಿಡ್ ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಕೊಡಬಹುದು, ಒಂದೇ ಡೋಸ್. ಹೈದರಾಬಾದಿನಲ್ಲಿ ತಯಾರಾಗುವ ಟೈಪ್‌ಬಾರ್-ಟಿಸಿವಿ ಲಸಿಕೆ ನೇಪಾಳ, ಬಾಂಗ್ಲಾದೇಶ, ಮಲಾವಿಗಳಲ್ಲಿ ನಡೆದ ಪ್ರಯೋಗಗಳಲ್ಲಿ ಪ್ರತಿಶತ 80ರಿಂದ 85ರಷ್ಟು ರಕ್ಷಣೆ ತೋರಿಸಿತು. ನವಿ ಮುಂಬೈ ಮಹಾನಗರಪಾಲಿಕೆ 2018ರಲ್ಲೇ ಇದನ್ನು ಮಕ್ಕಳಿಗೆ ಅಭಿಯಾನದ ರೂಪದಲ್ಲಿ ಕೊಡಲು ಆರಂಭಿಸಿತು. ಭಾರತೀಯ ಮಕ್ಕಳ ವೈದ್ಯರ ಸಂಘದ ಲಸಿಕಾ ಪಟ್ಟಿಯಲ್ಲಿ ಇದು ಸೇರಿದೆ. ಟೈಫಾಯಿಡ್‌ನಂಥದೇ ಜ್ವರವಾದ ಪ್ಯಾರಾಟೈಫಾಯಿಡ್ ಅನ್ನು ಇದು ತಡೆಯುವುದಿಲ್ಲ, ಆದ್ದರಿಂದ ನೀರು ಕುದಿಸುವುದನ್ನು ಬಿಡುವಂತಿಲ್ಲ.

ವಿಡಾಲ್ ಎಂಬುದು ರಕ್ತದಲ್ಲಿ ಟೈಫಾಯಿಡ್ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ 1896ರ ಪರೀಕ್ಷೆ. ಹಿಂದಿನ ಸೋಂಕು, ಬೇರೆ ರೋಗಾಣುಗಳ ಸೋಂಕು, ಎಲ್ಲದಕ್ಕೂ ಅದು ಪಾಸಿಟಿವ್ ಬರಬಹುದು. ನಿಜವಾದ ಟೈಫಾಯಿಡ್‌ನ ಮೊದಲ ವಾರದಲ್ಲಿ ಬಾರದೆಯೂ ಇರಬಹುದು. ಹಿಂದೆ ಟೈಫಾಯಿಡ್ ಆಗಿರುವ ನಿಮ್ಮ ಮಗನಲ್ಲಂತೂ ಒಂದು ವಿಡಾಲ್ ವರದಿಯನ್ನು ನಂಬಿ ಆ್ಯಂಟಿಬಯಾಟಿಕ್ ಕೊಡುವುದು ಸರಿಯಲ್ಲ. ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುನ್ನ ತೆಗೆದ ಬ್ಲಡ್ ಕಲ್ಚರ್ ಮೇಲು. ಅದೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ರೋಗಾಣುವನ್ನು ಹಿಡಿಯುತ್ತದೆ, ಆದರೆ ಹಿಡಿದಾಗ ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದನ್ನೂ ಹೇಳುತ್ತದೆ. ಸರಿಯಾದ ಔಷಧ ಶುರುವಾದ ಮೇಲೂ ಟೈಫಾಯಿಡ್ ಜ್ವರ ಇಳಿಯಲು ನಾಲ್ಕರಿಂದ ಏಳು ದಿನ ಹಿಡಿಯುತ್ತದೆ. ಮೂರನೆಯ ದಿನವೇ ಜ್ವರವಿದೆ ಎಂದು ವೈದ್ಯರನ್ನೂ ಔಷಧವನ್ನೂ ಬದಲಿಸುತ್ತ ಹೋದರೆ, ದಿನಕ್ಕೆರಡು ಸಲ ಒಂದೇ ಕೈ ಹೊಟ್ಟೆ ಮುಟ್ಟಿ ನೋಡಿ ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸವನ್ನು ಗುರುತಿಸುವ ಅವಕಾಶವೇ ತಪ್ಪಿಹೋಗುತ್ತದೆ.